ಮಗು ಎಲ್ಲಿದೆಯೋ ಅಲ್ಲಿಂದ ಪಾಠ

ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಸೇತುಬಂಧ ಬರುತ್ತದೆ. ಹಿಂದಿನ ವರ್ಷ ಕಲಿತದ್ದರಲ್ಲಿ ಏನು ಉಳಿದಿದೆ ಎಂದು ನೋಡಿ, ಬಿಟ್ಟುಹೋದದ್ದನ್ನು ಕಲಿಸಿ, ಆಮೇಲೆ ಹೊಸ ತರಗತಿಯ ಪಾಠಕ್ಕೆ ಕೈಹಾಕಬೇಕು ಎಂಬುದು ಅದರ ಉದ್ದೇಶ. ಕರ್ನಾಟಕದ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ, ಓದಿಸಿದವರಿಗೆ ಇದು ಗೊತ್ತು. ಪೂರ್ವ ಪರೀಕ್ಷೆ ಮಾಡಿ, ನಮೂನೆ ತುಂಬಿ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಕೈಗೆ ಕೊಟ್ಟು ಮುಗಿಸಬಹುದು. ನಮ್ಮ ಶಾಲೆಯಲ್ಲಿ ಆ ದಿನಗಳಲ್ಲಿ ಇನ್ನೊಂದು ಕೆಲಸವೂ ನಡೆಯುತ್ತದೆ. ಒಂದೊಂದೇ ಮಗುವನ್ನು ಜಗಲಿಗೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಓದಿಸಿ ಕೇಳುತ್ತೇವೆ.

ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ಒಂದರಿಂದ ಐದನೇ ತರಗತಿ, ಮೂವರು ಶಿಕ್ಷಕರು. ಶಾಲೆ ಸುಧಾರಿಸುವುದು ಎಂದರೆ ಗೋಡೆಗೆ ಬಣ್ಣ, ಸ್ಮಾರ್ಟ್ ಟಿವಿ, ಹೊಸ ಬೆಂಚು ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಅವೆಲ್ಲ ಬರಲಿ, ಬೇಡ ಎನ್ನುವುದಿಲ್ಲ. ಆದರೆ ಕಲಿಕೆ ಸುಧಾರಿಸಿದ್ದನ್ನು ನಾನು ಕಣ್ಣಾರೆ ಕಂಡದ್ದು ಒಂದೇ ಕಾರಣಕ್ಕೆ: ಈ ಮಗು ಇವತ್ತು ಎಲ್ಲಿದೆ ಎಂದು ಮೇಷ್ಟ್ರಿಗೆ ಖಚಿತವಾಗಿ ಗೊತ್ತಿರುವುದು, ಪಾಠ ಅಲ್ಲಿಂದಲೇ ಶುರುವಾಗುವುದು. ಉಳಿದ ಎಲ್ಲ ಏರ್ಪಾಡೂ ಇದರ ಸುತ್ತ ಕೂರಬೇಕು.

ಜಗಲಿಯಲ್ಲಿ ಏನು ಗೊತ್ತಾಗುತ್ತದೆ ಎಂದು ಒಬ್ಬ ಹುಡುಗನ ಉದಾಹರಣೆಯಿಂದ ಹೇಳುತ್ತೇನೆ. ನಾಲ್ಕನೇ ತರಗತಿಗೆ ಬಂದವನು. ಮೂರನೇ ತರಗತಿಯ ಪಾಠ ತೆಗೆದುಕೊಟ್ಟೆ. ಗಡಗಡನೆ ಓದಿದ. ಕೂತು ಕೇಳುವ ಯಾರಿಗಾದರೂ ಜಾಣ ಅನ್ನಿಸಬೇಕು. ಆದರೆ ಅವನ ಬೆರಳು ಎರಡನೇ ಸಾಲಿನ ಮೇಲಿತ್ತು, ಬಾಯಿ ಮೂರನೇ ಸಾಲಿನಲ್ಲಿತ್ತು. ಪಾಠ ಅವನಿಗೆ ಬಾಯಿಪಾಠ. ಪುಸ್ತಕ ಮುಚ್ಚಿ, ಅದೇ ಪಾಠದ ನಾಲ್ಕು ಪದಗಳನ್ನು ಬಿಡಿಬಿಡಿಯಾಗಿ ಸ್ಲೇಟಿನ ಮೇಲೆ ಬರೆದೆ. ‘ಬಸವ’ ಓದಿದ. ‘ಕಾಗೆ’ ಓದಿದ. ‘ಹುತ್ತ’ ಅವನ ಬಾಯಲ್ಲಿ ‘ಹುತ’ ಆಯಿತು. ‘ಸೂರ್ಯ’ ಬಂದಾಗ ಸ್ಲೇಟು ಬಿಟ್ಟು ನನ್ನ ಮುಖ ನೋಡಿದ.

ಇದರಿಂದ ನನಗೆ ಸಿಕ್ಕ ಮಾಹಿತಿ ಬಹಳ ದೊಡ್ಡದು. ಹುಡುಗನಿಗೆ ಅಕ್ಷರ ಬರುತ್ತದೆ, ಕಾಗುಣಿತ ಬರುತ್ತದೆ, ಒತ್ತಕ್ಷರ ಬರುವುದಿಲ್ಲ. ಅಂದರೆ ಅವನಿಗೆ ಮತ್ತೆ ಅ ಆ ಇ ಈ ತಿದ್ದಿಸುವುದು ವ್ಯರ್ಥ. ನಾಲ್ಕನೇ ತರಗತಿಯ ಪಾಠವನ್ನು ಅವನ ಮುಂದೆ ಇಡುವುದೂ ವ್ಯರ್ಥ. ಬರವಣಿಗೆ ಪರೀಕ್ಷೆಯಲ್ಲಿ ಅವನಿಗೆ ಬರುವ ‘ಸಿ’ ಶ್ರೇಣಿ ಈ ಯಾವುದನ್ನೂ ನನಗೆ ಹೇಳುತ್ತಿರಲಿಲ್ಲ.

ಕನ್ನಡ ಓದಲು ಕಲಿಯುವ ಮಗು ಏನೇನು ದಾಟಬೇಕು ಎಂಬುದನ್ನು, ಓದು ಬಂದುಬಿಟ್ಟಿರುವ ನಾವು ಮರೆತಿರುತ್ತೇವೆ. ವರ್ಣಮಾಲೆಯ 49 ಅಕ್ಷರ ಬರೀ ಬಾಗಿಲು. ಒಳಗೆ ಹೋದರೆ 34 ವ್ಯಂಜನಗಳ ಕಾಗುಣಿತ ನಾನೂರು ದಾಟುತ್ತದೆ. ಅದಾದ ಮೇಲೆ ಒತ್ತಕ್ಷರ. ಹಲವು ಒತ್ತುಗಳು ಮೂಲ ಅಕ್ಷರವನ್ನೇ ಹೋಲುತ್ತವೆ, ಗುರುತು ಹಿಡಿಯುವುದು ಸುಲಭ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಮೂಲ ಅಕ್ಷರಕ್ಕೆ ಸಂಬಂಧವೇ ಇಲ್ಲದಂತೆ ಕಾಣುತ್ತದೆ. ನಮ್ಮ ಮಾತಿನಲ್ಲಿ ಅತಿ ಹೆಚ್ಚು ಬರುವುದೂ ಇವೇ: ಅಮ್ಮ, ಮತ್ತೆ, ನನ್ನ, ಅಯ್ಯ, ಎಲ್ಲ. ಇನ್ನು ಅರ್ಕಾವೊತ್ತು. ಕಿವಿಗೆ ಮೊದಲು ಕೇಳುವ ‘ರ್’ ಬರೆಯುವಾಗ ಯಕಾರದ ಹಿಂದೆ ಹೋಗಿ ಕೂರುತ್ತದೆ. ‘ಸೂರ್ಯ’ ನೋಡಿ ಮಗು ತಬ್ಬಿಬ್ಬಾಗದಿದ್ದರೆ ಆಶ್ಚರ್ಯ ಪಡಬೇಕು. ಆದ್ದರಿಂದ ನಾವು ಒತ್ತಕ್ಷರವನ್ನು ಒಂದೇ ಗಂಟಾಗಿ ಕಲಿಸುವುದಿಲ್ಲ. ಮೊದಲು ಅಕ್ಕ, ಅಜ್ಜಿ, ಕಬ್ಬು ಇಂಥ ಸಜಾತೀಯ ಒತ್ತು, ಆಮೇಲೆ ಆ ಆರು ಹಟಮಾರಿ ಒತ್ತುಗಳು, ಅನಂತರ ವಿಜಾತೀಯ, ಕೊನೆಗೆ ಅರ್ಕಾವೊತ್ತು. ಆ ಹುಡುಗ ಎರಡನೆಯ ಮೆಟ್ಟಿಲಲ್ಲಿದ್ದ. ಅಲ್ಲಿಂದಲೇ ಅವನ ಕೆಲಸ ಶುರುವಾಯಿತು.

ಲೆಕ್ಕದಲ್ಲೂ ಹೀಗೆಯೇ. 52ರಲ್ಲಿ 17 ಕಳೆ ಅಂದರೆ ಮಗು 45 ಎಂದು ಬರೆಯುತ್ತದೆ. ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದು ಮುಂದೆ ಹೋಗಬಹುದು. ಹೇಗೆ ಮಾಡಿದೆ ಹೇಳು ಎಂದು ಕೇಳಿದರೆ ಮಗುವಿನ ತರ್ಕ ಹೊರಬರುತ್ತದೆ. ಎರಡರಲ್ಲಿ ಏಳು ಹೋಗುವುದಿಲ್ಲ, ಅದಕ್ಕೇ ಏಳರಲ್ಲಿ ಎರಡು ಕಳೆದೆ ಮಿಸ್, ಐದು ಬಂತು. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಯಾರೋ ಹೇಳಿಕೊಟ್ಟಿದ್ದನ್ನು ಅದು ಶ್ರದ್ಧೆಯಿಂದ ಪಾಲಿಸಿದೆ. ಅದಕ್ಕೆ ಕಳೆಯುವ ಲೆಕ್ಕ ಇನ್ನಷ್ಟು ಕೊಡುವುದರಿಂದ ಏನೂ ಆಗುವುದಿಲ್ಲ, ತಪ್ಪು ಗಟ್ಟಿಯಾಗುತ್ತದೆ ಅಷ್ಟೆ. ಹತ್ತರ ಐದು ಕಡ್ಡಿಕಟ್ಟು, ಎರಡು ಬಿಡಿ ಕಡ್ಡಿ ಕೈಗೆ ಕೊಟ್ಟು, ಹದಿನೇಳು ಕೊಡು ಎಂದು ಕೇಳಬೇಕು. ಬಿಡಿ ಸಾಲದು ಎಂದು ಮಗುವಿಗೇ ಗೊತ್ತಾಗುತ್ತದೆ. ತಾನೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತದೆ. ಬಿಚ್ಚಿದ ಮಗುವಿಗೆ ‘ಪಕ್ಕದಿಂದ ಒಂದು ದಶಕ ತಗೋ’ ಎಂಬ ಮಾತು ಆಮೇಲೆ ಅರ್ಥವಾಗುತ್ತದೆ, ಬಿಚ್ಚದ ಮಗುವಿಗೆ ಅದು ಬರೀ ಮಂತ್ರ.

ಮಗು ಇರುವಲ್ಲಿಂದ ಕಲಿಸುವ ವಿಚಾರ ನಮ್ಮ ತಾಲ್ಲೂಕಿಗೆ ಹೊಸದೇನಲ್ಲ. ನಲಿ-ಕಲಿ ಎಂಬ ಕಲಿಕಾ ವಿಧಾನ ಹುಟ್ಟಿದ್ದೇ ಇಲ್ಲಿ, 1995ರಲ್ಲಿ, ಯುನಿಸೆಫ್ ನೆರವಿನಿಂದ. ಆಂಧ್ರದ ಮದನಪಲ್ಲಿಯ ಹತ್ತಿರ ಜೆ. ಕೃಷ್ಣಮೂರ್ತಿಯವರು ಕಟ್ಟಿದ ರಿಷಿ ವ್ಯಾಲಿ ಶಾಲೆ ಇದೆಯಲ್ಲ, ಅದರ ಸುತ್ತಲಿನ ಹಳ್ಳಿ ಶಾಲೆಗಳಿಗಾಗಿ ರಮಾ ಮತ್ತು ಪದ್ಮನಾಭ ರಾವ್ ದಂಪತಿ ಕಲಿಕೆಯನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದಿದ್ದರು. ನಮ್ಮ ತಾಲ್ಲೂಕಿನ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದು, ಇಲ್ಲಿನ ಮಕ್ಕಳಿಗೆ ತಕ್ಕಂತೆ ಕನ್ನಡದಲ್ಲಿ ತಾವೇ ಕಾರ್ಡು ಮಾಡಿಕೊಂಡರು. ಮೇಲಿನಿಂದ ಬಂದ ಆದೇಶವಾಗದೆ ಶಿಕ್ಷಕರ ಕೈಕೆಲಸವಾಗಿ ಅದು ಬೆಳೆಯಿತು ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು. ಆಮೇಲೆ ಮೂರನೆಯದೂ ಸೇರಿತು.

ನಲಿ-ಕಲಿ ಕೊಠಡಿಗೆ ಮೊದಲ ಸಲ ಬಂದವರಿಗೆ ಗಲಾಟೆ ಕಾಣುತ್ತದೆ. ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕೂತಿರುತ್ತಾರೆ, ಒಂದು, ಎರಡು, ಮೂರನೇ ತರಗತಿಯವರು ಬೆರೆತಿರುತ್ತಾರೆ. ಮೇಲೆ ದಾರದ ಚಪ್ಪರದಲ್ಲಿ ಅವರು ಬರೆದ ಚಿತ್ರಗಳು ನೇತಾಡುತ್ತವೆ. ಗೋಡೆಯ ಕೆಳಭಾಗದ ಉದ್ದಕ್ಕೂ ಮಕ್ಕಳ ಕೈಗೆ ಎಟುಕುವ ಕಪ್ಪು ಹಲಗೆ. ಐದು ತಟ್ಟೆಗಳು, ಅಂದರೆ ಐದು ಗುಂಪು. ಶಿಕ್ಷಕರ ಸಂಪೂರ್ಣ ಸಹಾಯ ಬೇಕಾದವರು, ಭಾಗಶಃ ಸಹಾಯ ಸಾಕಾದವರು, ಸಹಪಾಠಿಗಳ ಸಂಪೂರ್ಣ ಸಹಾಯದಲ್ಲಿ ಮಾಡುವವರು, ಅವರದೇ ಭಾಗಶಃ ಸಹಾಯದಲ್ಲಿ ಮಾಡುವವರು, ತಾವೇ ಮಾಡಿಕೊಳ್ಳುವವರು. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಮಗು ತನ್ನ ಮೆಟ್ಟಿಲನ್ನು ಚಿತ್ರದ ಗುರುತಿನಿಂದ ಕಂಡುಕೊಂಡು, ಆ ಕಾರ್ಡನ್ನು ತಾನೇ ತೆಗೆದುಕೊಂಡು, ಆ ತಟ್ಟೆಗೆ ಹೋಗಿ ಕೂರುತ್ತದೆ.

ಅಕ್ಷರವನ್ನೂ ಅಲ್ಲಿ ಅ ಆ ಇ ಈ ಕ್ರಮದಲ್ಲಿ ಕಲಿಸುವುದಿಲ್ಲ. ಮೊದಲು ರ, ಗ, ಸ, ದ, ಅ. ‘ಇದೇನು ಮೇಡಂ, ಅ ಆ ಬಿಟ್ಟು ರಗಸ ಅಂತ ಹೇಳ್ಕೊಡ್ತೀರ?’ ಎಂದು ತಂದೆತಾಯಿ ಕೇಳುತ್ತಾರೆ. ಬರೆಯಲು ಸುಲಭವಾದ ಈ ಐದೇ ಅಕ್ಷರ ಬಂದ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಓದಬಲ್ಲದು. ವರ್ಣಮಾಲೆಯ ಮೊದಲ ಐದು ಅಕ್ಷರ ಕಲಿತ ಮಗುವಿಗೆ ಓದಲು ಒಂದು ಪದವೂ ಸಿಗುವುದು ಕಷ್ಟ. ‘ಅಗಸ’ ಎಂದು ಕೂಡಿಸಿಕೊಂಡು ಓದಿದ ಆರು ವರ್ಷದ ಹುಡುಗಿ ಇಡೀ ಕೊಠಡಿಗೆ ಕೇಳುವಂತೆ ಅದನ್ನು ಮತ್ತೆ ಮತ್ತೆ ಕೂಗಿದ್ದನ್ನು ನೋಡಿದ ಮೇಲೆ, ಈ ಕ್ರಮದ ಬಗ್ಗೆ ನನಗೆ ಯಾರ ಜೊತೆಯೂ ವಾದ ಮಾಡಬೇಕು ಅನ್ನಿಸಿಲ್ಲ.

ಏಣಿಯ ನಿಜವಾದ ಬೆಲೆ ನಮಗೆ ಗೊತ್ತಾಗುವುದು ಚಳಿಗಾಲದಲ್ಲಿ. ಕೊಡಗಿನಲ್ಲಿ ಕಾಫಿ ಕುಯ್ಲು ಶುರುವಾದರೆ ಇಲ್ಲಿನ ಹಾಡಿಗಳಿಂದ, ಜೇನುಕುರುಬರ ಮನೆಗಳಿಂದ, ಕುಟುಂಬಗಳು ತೋಟದ ಕೆಲಸಕ್ಕೆ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ವಾರಗಟ್ಟಲೆ ಕಳೆದು ಮಗು ವಾಪಸು ಬಂದಾಗ, ಇಡೀ ತರಗತಿ ಒಂದೇ ಪುಟದಲ್ಲಿ ಓದುವ ಶಾಲೆಯಲ್ಲಿ ಅದಕ್ಕೆ ಜಾಗವಿಲ್ಲ. ಪಾಠ ಹತ್ತು ಪುಟ ಮುಂದೆ ಹೋಗಿರುತ್ತದೆ. ಕೆಲವು ದಿನ ಹಿಂದೆ ಕೂತು, ಆಮೇಲೆ ಬರುವುದನ್ನೇ ಬಿಟ್ಟುಬಿಡುತ್ತದೆ. ಏಣಿಯಿರುವ ಕೊಠಡಿಯಲ್ಲಿ ಅದು ಬಿಟ್ಟುಹೋದ ಮೆಟ್ಟಿಲು ಅಲ್ಲೇ ಕಾದಿರುತ್ತದೆ. ಆ ಮಕ್ಕಳಲ್ಲಿ ಹಲವರ ಮನೆಮಾತು ಪಠ್ಯಪುಸ್ತಕದ ಕನ್ನಡವಲ್ಲ ಎಂಬುದನ್ನೂ ನೆನಪಿಡಬೇಕು. ಅವರ ಭಾಷೆಯ ಹಾಡು, ಗಿಡಮರದ ಹೆಸರು ಕೊಠಡಿಯೊಳಗೆ ಬರಲು ಬಿಟ್ಟರೆ ಮೊದಲ ವರ್ಷದ ಮೌನ ಬೇಗ ಮುರಿಯುತ್ತದೆ.

ಹಾಗೆಂದು ಕಾರ್ಡು ಇದ್ದ ಮಾತ್ರಕ್ಕೆ ಎಲ್ಲ ಆಗುತ್ತದೆಯೇ? ಇಲ್ಲ. ನಲಿ-ಕಲಿ ಕುಸಿದುಬಿದ್ದ ಕೊಠಡಿಗಳೂ ಬೇಕಾದಷ್ಟಿವೆ. ಮಕ್ಕಳ ಸಂಖ್ಯೆ ಮೂವತ್ತು ದಾಟಿ ಒಬ್ಬರೇ ಶಿಕ್ಷಕಿಯಿದ್ದರೆ ಐದು ತಟ್ಟೆಗೂ ಕೈ ಎಟುಕುವುದಿಲ್ಲ. ಹರಿದ ಕಾರ್ಡಿನ ಜಾಗಕ್ಕೆ ಹೊಸದು ಬಾರದಿದ್ದರೆ ಏಣಿಯಲ್ಲಿ ಮೆಟ್ಟಿಲೇ ಇಲ್ಲವಾಗುತ್ತದೆ. ಇನ್ನೂ ದೊಡ್ಡ ತೊಂದರೆಯೆಂದರೆ, ಮಗುವಿಗೆ ಬಂತೋ ಇಲ್ಲವೋ ನೋಡದೆ ‘ಈ ಕಾರ್ಡು ಮುಗೀತಾ, ಮುಂದಿನದು ತಗೋ’ ಎನ್ನುವ ರೂಢಿ. ಮಗು ಎಲ್ಲಿಗೆ ಬಂತು ಎಂದು ಗುರುತು ಹಾಕುವ ಪ್ರಗತಿನೋಟದಲ್ಲಿ ಎಲ್ಲ ಚೌಕಗಳಿಗೂ ಬಣ್ಣ ಬಿದ್ದಿರುತ್ತದೆ, ಓದು ಬಂದಿರುವುದಿಲ್ಲ. ವಿಧಾನ ಯಾವುದೇ ಇರಲಿ, ಮಗುವಿನ ಪಕ್ಕ ಕೂತು ಕೇಳುವ ಐದು ನಿಮಿಷ ತಪ್ಪಿದರೆ ಅದು ಬರೀ ದಾಖಲೆ.

ಓದು ಬಾರದೆಯೇ ಮಕ್ಕಳು ಮೇಲಿನ ತರಗತಿಗೆ ಬರುವುದು ನಮ್ಮ ಶಾಲೆಯೊಂದರ ಅನುಭವವಲ್ಲ. ಪ್ರಥಮ್ ಸಂಸ್ಥೆ 2005ರಿಂದ ಅಸರ್ ಎಂಬ ಸಮೀಕ್ಷೆ ನಡೆಸುತ್ತಿದೆ. ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಒಂದು ಹಾಳೆಯಲ್ಲಿ ಅಕ್ಷರ, ಪದ, ಸರಳ ವಾಕ್ಯಗಳ ಪ್ಯಾರಾ, ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕತೆ ಇಟ್ಟು ಮಗುವಿನ ಕೈಲಿ ಓದಿಸುತ್ತಾರೆ. ದೇಶದ ಗ್ರಾಮೀಣ ಭಾಗದ ಮೂರನೇ ತರಗತಿ ಮಕ್ಕಳಲ್ಲಿ ಆ ಕತೆ ಓದಬಲ್ಲವರು 2018ರಲ್ಲಿ ನೂರಕ್ಕೆ ಸುಮಾರು 27 ಮಂದಿ. ಕೊರೊನಾ ಕಾಲದಲ್ಲಿ ಶಾಲೆಗೆ ಬೀಗ ಬಿತ್ತು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. 2022ರ ಸಮೀಕ್ಷೆಯಲ್ಲಿ ಆ 27 ಎಂಬುದು 20ರ ಆಸುಪಾಸಿಗೆ ಇಳಿದಿತ್ತು. 2024ರಲ್ಲಿ ಮತ್ತೆ 27ರ ಹತ್ತಿರ ಬಂದಿದೆ. ಏರಿದ್ದಕ್ಕೆ ಸಂತೋಷವಿದೆ. ಆದರೂ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ಹೊರಗಿದ್ದಾರೆ ಎಂಬುದನ್ನು ನುಂಗಿಕೊಳ್ಳಲು ನನಗೆ ಆಗುವುದಿಲ್ಲ.

ಆ ಬೀಗದ ನಂತರ 2022-23ರಲ್ಲಿ ರಾಜ್ಯದಲ್ಲಿ ‘ಕಲಿಕಾ ಚೇತರಿಕೆ’ ಬಂತು. ಪಠ್ಯಪುಸ್ತಕವನ್ನು ಮುಗಿಸುವ ಅವಸರ ಆ ವರ್ಷ ಇರಲಿಲ್ಲ. ತಪ್ಪಿಹೋದ ಕಲಿಕೆಯನ್ನು ಕಲಿಕಾ ಹಾಳೆಗಳ ಮೂಲಕ ಮತ್ತೆ ಹಿಡಿಯುವುದು ಉದ್ದೇಶ. ‘ಪೋರ್ಷನ್ ಎಲ್ಲಿಗೆ ಬಂತು’ ಎಂದು ಕೇಳುವ ಬದಲು ‘ಮಕ್ಕಳು ಎಲ್ಲಿಗೆ ಬಂದರು’ ಎಂದು ಕೇಳಬಹುದು ಎಂಬುದನ್ನು ಇಡೀ ವ್ಯವಸ್ಥೆ ಒಪ್ಪಿಕೊಂಡ ವರ್ಷ ಅದು. ಆ ಮನೋಭಾವ ಉಳಿಯಬೇಕಿತ್ತು.

ಮಕ್ಕಳನ್ನು ತರಗತಿಯ ಲೆಕ್ಕದಲ್ಲಿ ಕೂರಿಸದೆ, ಬಲ್ಲಷ್ಟರ ಲೆಕ್ಕದಲ್ಲಿ ಕೂರಿಸಿ ಕಲಿಸಿದರೆ ಹಿಂದುಳಿದವರು ಮುಂದೆ ಬರುತ್ತಾರೆ ಎಂಬುದಕ್ಕೆ ಗಟ್ಟಿ ಪುರಾವೆಯೂ ಇದೆ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದಾರೆ. ಅವರು ಪ್ರಥಮ್ ಜೊತೆ ಸೇರಿ ವಡೋದರಾ, ಮುಂಬಯಿಗಳ ಶಾಲೆಗಳಲ್ಲಿ, ಆಮೇಲೆ ಬೇರೆ ರಾಜ್ಯಗಳಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದರು. ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಊಟವಾದ ಮೇಲಿನ ಮೊದಲ ಅವಧಿಯನ್ನು ಇದಕ್ಕೆ ಮೀಸಲಿಟ್ಟಿದ್ದೇವೆ. ನಾಲ್ಕು, ಐದನೇ ತರಗತಿ ಮಕ್ಕಳು ಆ ಹೊತ್ತಿನಲ್ಲಿ ಮೂರು ಗುಂಪಾಗುತ್ತಾರೆ: ಕಾಗುಣಿತದವರು, ಒತ್ತಕ್ಷರದವರು, ಓದಿ ಅರ್ಥ ಹೇಳುವವರು. ದೊಡ್ಡ ಹುಡುಗ ಚಿಕ್ಕವರ ಜೊತೆ ಕೂರಲು ನಾಚಿಕೊಳ್ಳುತ್ತಾನೆ ಎಂಬ ಭಯ ಬೇಡ. ಗುಂಪು ಆಗಾಗ ಬದಲಾಗುತ್ತದೆ, ಯಾರೂ ಅಲ್ಲೇ ಕೂತಿರುವುದಿಲ್ಲ ಎಂದು ಮಕ್ಕಳಿಗೆ ಗೊತ್ತಾದರೆ ನಾಚಿಕೆ ಹೋಗುತ್ತದೆ. ಗುಂಪು ಬದಲಾಗದೆ ನಿಂತುಬಿಟ್ಟರೆ ಮಾತ್ರ ಅದು ‘ದಡ್ಡರ ಗುಂಪು’ ಆಗುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಶಿಕ್ಷಕರು ಸುಧಾರಿಸುವುದು ಹೇಗೆ? ತರಬೇತಿಗಳಿಂದ ಅಷ್ಟಿಷ್ಟು. ಹೆಚ್ಚು ಬದಲಾವಣೆ ಬಂದದ್ದು ಒಬ್ಬರ ಪಾಠವನ್ನು ಇನ್ನೊಬ್ಬರು ಕೂತು ನೋಡತೊಡಗಿದ ಮೇಲೆ. ನಮ್ಮ ನಿಯಮ ಸರಳ. ನೋಡುವವರು ಪಾಠದ ಗುಣದೋಷ ಬರೆಯುವುದಿಲ್ಲ, ಯಾವ ಮಗುವನ್ನು ಎಷ್ಟು ಸಲ ಮಾತಾಡಿಸಿದರು ಎಂದು ಮಾತ್ರ ಗೆರೆ ಹಾಕುತ್ತಾರೆ. ಪಾಠ ಮುಗಿದ ಮೇಲೆ ಆ ಹಾಳೆ ತಾನೇ ಮಾತಾಡುತ್ತದೆ. ಮುಂದಿನ ಸಾಲಿನ ನಾಲ್ಕೈದು ಹೆಸರಿನ ಮುಂದೆ ಗೆರೆಗಳ ಸಾಲು, ಬಾಗಿಲ ಬಳಿ ಕೂತವರ ಮುಂದೆ ಏನೂ ಇಲ್ಲ. ಯಾರನ್ನೂ ದೂರಬೇಕಾಗಿಲ್ಲ, ಮರುದಿನವೇ ಮಕ್ಕಳ ಕೂರುವ ಜಾಗ ಬದಲಾಗುತ್ತದೆ. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ ಒಂದು ಸಂಗತಿಯನ್ನೂ ನಾವು ಪಾಲಿಸುತ್ತೇವೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡು ಕಾಯುತ್ತಾರಂತೆ, ಅಷ್ಟೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಎಂದೂ ಬಾಯಿಬಿಡದವರು ಬಾಯಿಬಿಡುತ್ತಾರೆ. ಖರ್ಚಿಲ್ಲ, ಸಾಮಗ್ರಿ ಬೇಡ, ಆದೇಶ ಬೇಡ. ಬಾಯಿ ಮುಚ್ಚಿಕೊಂಡು ಕಾಯಬೇಕು. ಅಭ್ಯಾಸವಿಲ್ಲದವರಿಗೆ ಅದು ಬಹಳ ಕಷ್ಟ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮೂವರೂ ಮಕ್ಕಳ ನೋಟ್‌ಬುಕ್ಕು ಹರವಿಕೊಂಡು ಕೂರುತ್ತೇವೆ. ಈ ವಾರ ಯಾರು ಅಲ್ಲೇ ನಿಂತಿದ್ದಾರೆ, ಯಾಕೆ? ಮಾತೆಲ್ಲ ಈ ಪ್ರಶ್ನೆಯ ಮೇಲೆ. ಕಾರಣ ಕೆಲವೊಮ್ಮೆ ಪಾಠದಲ್ಲಿರುವುದೇ ಇಲ್ಲ. ಒಬ್ಬಳಿಗೆ ಹಲಗೆ ಕಾಣುತ್ತಿರಲಿಲ್ಲ, ಕನ್ನಡಕ ಬಂದ ಮೇಲೆ ಬರವಣಿಗೆ ಸರಿಹೋಯಿತು. ಒಬ್ಬನಿಗೆ ಸದಾ ಕಿವಿ ಸೋರುತ್ತಿತ್ತು, ಹತ್ತಿರದ ಧ್ವನಿಗಳ ವ್ಯತ್ಯಾಸ ಅವನಿಗೆ ಕೇಳುತ್ತಲೇ ಇರಲಿಲ್ಲ.

ಮನೆಯವರನ್ನು ಸೇರಿಸಿಕೊಳ್ಳದೆ ಇದು ಮುಂದೆ ಹೋಗುವುದಿಲ್ಲ. ‘ನಂಗೆ ಓದಕ್ ಬರಕ್ಕಿಲ್ಲ ಮೇಡಮ್ಮೋರೆ, ಅವ್ನು ಸರ‍್ಯಾಗ್ ಓದ್ತಾವ್ನೋ ಇಲ್ವೋ ನಂಗ್ ಹೆಂಗ್ ಗೊತ್ತಾದ್ದು?’ ಎಂದು ಒಬ್ಬ ಅಜ್ಜಿ ತಾಯಂದಿರ ಸಭೆಯಲ್ಲಿ ಕೇಳಿದರು. ‘ನೀವು ಕೇಳಿಸ್ಕೊಳಿ ಅಜ್ಜಿ, ಸಾಕು. ಕತೆ ನಿಮ್ಗೆ ತಿಳೀತು ಅಂದ್ರೆ ಅವ್ನು ಸರಿಯಾಗಿ ಓದ್ದ ಅಂತ ಲೆಕ್ಕ’ ಎಂದೆ. ಅಂದಿನಿಂದ ಮಕ್ಕಳು ಓದುವ ಮೂಲೆಯಿಂದ ಒಂದು ಕತೆಪುಸ್ತಕ ಮನೆಗೆ ಒಯ್ಯುತ್ತಾರೆ. ಓದು ಬಾರದ ಹಿರಿಯರೂ ಪರೀಕ್ಷಕರಾಗಬಲ್ಲರು. ಉಚ್ಚಾರಣೆಯ ತಪ್ಪು ಅವರಿಗೆ ಸಿಗದಿರಬಹುದು. ಅರ್ಥವಿಲ್ಲದೆ ಗಿಣಿಪಾಠ ಒಪ್ಪಿಸುವುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು. ತರಗತಿ ಐದು, ಶಿಕ್ಷಕರು ಇಬ್ಬರು. ಅಂದರೆ ಒಬ್ಬರೇ ಹಲವು ತರಗತಿ ನೋಡಿಕೊಳ್ಳುವುದು ನಮ್ಮ ಹಳ್ಳಿ ಶಾಲೆಗಳಲ್ಲಿ ಆಕಸ್ಮಿಕವಲ್ಲ, ಕಾನೂನಿನ ಲೆಕ್ಕದಲ್ಲೇ ಇದೆ. ಹಾಗಿದ್ದ ಮೇಲೆ ಪ್ರತಿ ಶಿಕ್ಷಕರಿಗೂ ಬಹುವರ್ಗ ಬೋಧನೆಯನ್ನೇ ಮುಖ್ಯ ವಿದ್ಯೆಯಾಗಿ ಕಲಿಸಬೇಕು. ಇಬ್ಬರಲ್ಲಿ ಒಬ್ಬರನ್ನು ಗಣತಿಗೆ, ಚುನಾವಣೆ ಕೆಲಸಕ್ಕೆ, ಮಾಹಿತಿ ತುಂಬಲು ಎಂದು ಕರೆದುಕೊಂಡು ಹೋದ ದಿನ ಅರ್ಧ ಶಾಲೆ ಮುಚ್ಚಿದಂತೆಯೇ. ಪಾಠದ ದಿನಗಳನ್ನು ಕಾಪಾಡದೆ ಕಲಿಕೆ ಸುಧಾರಿಸಲಿ ಎಂದು ಬಯಸುವುದು ನ್ಯಾಯವಲ್ಲ.

ಇನ್ನೂ ಬಿಡಿಸಲಾಗದ ಗಂಟು ಮೂರರಿಂದ ನಾಲ್ಕನೇ ತರಗತಿಗೆ ದಾಟುವುದು. ಮೂರು ವರ್ಷ ಕಾರ್ಡು, ಹಾಡು, ತಟ್ಟೆಯಲ್ಲಿ ತನ್ನ ವೇಗದಲ್ಲಿ ಬೆಳೆದ ಮಗು ಒಮ್ಮೆಗೇ ದಪ್ಪ ಪಠ್ಯಪುಸ್ತಕ, ಉದ್ದ ಪ್ಯಾರಾ, ಪರಿಸರ ಅಧ್ಯಯನದ ಹೊಸ ಪದಗಳ ಮುಂದೆ ನಿಲ್ಲುತ್ತದೆ. ಅದಕ್ಕೇ ಮೂರನೇ ತರಗತಿಯ ಕೊನೆಯ ತಿಂಗಳುಗಳಲ್ಲಿ ನಾಲ್ಕನೆಯ ಪುಸ್ತಕದ ಒಂದೊಂದು ಪ್ಯಾರಾವನ್ನು ಕಾರ್ಡಿನ ಮೇಲೆ ಬರೆದು ಏಣಿಯ ತುದಿಗೆ ಸೇರಿಸುತ್ತಿದ್ದೇವೆ. ನಾಲ್ಕನೆಯದರಲ್ಲಿ ಪಾಠ ಶುರುಮಾಡುವ ಮೊದಲು ಅದರ ಹೊಸ ಪದಗಳನ್ನು ಮಕ್ಕಳ ಬಾಯಲ್ಲಿ ಮಾತಾಡಿಸುತ್ತೇವೆ, ಓದುವುದು ಆಮೇಲೆ. ಕೆಲವರಿಗೆ ಇದು ಸಾಕಾಗಿದೆ, ಕೆಲವರಿಗೆ ಸಾಕಾಗಿಲ್ಲ.

ಐದನೇ ತರಗತಿ ಮುಗಿಸಿದ ಮಕ್ಕಳು ಪಕ್ಕದ ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ಹೋಗುತ್ತಾರೆ. ವರ್ಗಾವಣೆ ಪತ್ರದ ಜೊತೆ ಪ್ರತಿ ಮಗುವಿಗೂ ಒಂದು ಹಾಳೆ ಬರೆದು ಕೊಡುತ್ತೇವೆ. ಅಂಕ ಅಲ್ಲ: ಈ ಹುಡುಗಿ ಕತೆಯನ್ನು ಸರಾಗವಾಗಿ ಓದುತ್ತಾಳೆ, ವಿಜಾತೀಯ ಒತ್ತಿನಲ್ಲಿ ಎಡವುತ್ತಾಳೆ, ಭಾಗಾಕಾರ ಬರುತ್ತದೆ, ಭಿನ್ನರಾಶಿ ಇನ್ನೂ ಇಲ್ಲ, ಕೇಳಿದರೆ ಮಾತ್ರ ಮಾತಾಡುತ್ತಾಳೆ, ಕೇಳಿ. ಆರನೇ ತರಗತಿಯ ಮೇಷ್ಟ್ರು ಈಗ ಬೇರೆ ಶಾಲೆಗಳಿಂದ ಬರುವ ಮಕ್ಕಳಿಗೂ ಅಂಥದೊಂದು ಹಾಳೆ ಬೇಕು ಎಂದು ಕ್ಲಸ್ಟರ್ ಸಭೆಯಲ್ಲಿ ಕೇಳತೊಡಗಿದ್ದಾರೆ.